ಮನೆಗೆ ಬಂದ ಗುಂಡಣ್ಣ



"ಕಸದ ವಿಚಾರ ಮಾತಾಡೋಕೆ ರೇಡಿಯೋಗೆ ಹೋಗ್ಬೇಕೇನೇ?" ಎಂದು ನಮ್ಮ ಅತ್ತೆ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಕಸ ಗುಡಿಸುವುದನ್ನು ಮಾತಾಡುವಂಥ ವಿಷಯವೆಂದು ನಮ್ಮಲ್ಲಿ ಯಾರೂ ಎಣಿಸಿದವರಲ್ಲ. ಬೆಳಗ್ಗೆ ಬೇಗ ಎದ್ದು ಯಾರೋ ಗುಡಿಸಿರುತ್ತಾರೆ, ತಡವಾಗಿ ಎದ್ದವರು ಆ ನೆಲದ ಮೇಲೆ ಓಡಾಡುತ್ತಾರೆ. ಗುಡಿಸಿದ್ದು ಯಾರಿಗೂ ಕಾಣುವುದಿಲ್ಲ, ಗುಡಿಸದಿದ್ದರೆ ಮಾತ್ರ ಎಲ್ಲರಿಗೂ ಕಾಣುತ್ತದೆ. ಆದರೆ ಅದೇ ಕೆಲಸವನ್ನು ಒಂದು ಯಂತ್ರ ಮಾಡತೊಡಗಿದ ಮೇಲೆ ನೋಡಿ, ನಮ್ಮ ಮನೆಯಲ್ಲಿ ಕಸದ ಬಗ್ಗೆ ಆಗುವಷ್ಟು ಚರ್ಚೆ ಚುನಾವಣೆಯ ಬಗ್ಗೆಯೂ ಆಗುತ್ತಿಲ್ಲ.

ನಮ್ಮದು ಮೈಸೂರಿನ ಹಳೆಯ ಬಡಾವಣೆಯೊಂದರ ಮನೆ. ಅರ್ಧ ನೆಲ ಮೊಸಾಯಿಕ್, ಇನ್ನರ್ಧ ಆಮೇಲೆ ಹಾಕಿಸಿದ ಟೈಲ್ಸ್. ಅತ್ತೆ, ನಿವೃತ್ತರಾದ ನಮ್ಮ ಯಜಮಾನರು, ನಾನು, ಇಷ್ಟೇ ಜನ. ನನ್ನ ಸೊಂಟನೋವಿನ ವರದಿ ಫೋನಿನಲ್ಲಿ ಕೇಳಿ ಕೇಳಿ ಸಾಕಾಗಿ, ಬೆಂಗಳೂರಿನಲ್ಲಿರುವ ಮಗ ಕಳಿಸಿಕೊಟ್ಟ ಯಂತ್ರ ಇದು. ದೋಸೆ ಹೆಂಚನ್ನು ಬೋರಲು ಹಾಕಿದಂತೆ ದುಂಡಗಿದೆ. ಅಗಲ ಒಂದಡಿಗಿಂತ ತುಸು ಹೆಚ್ಚು, ಎತ್ತರ ನಾಲ್ಕು ಇಂಚಿನ ಆಸುಪಾಸು. ಕೆಳಗೆ ಎರಡು ಚಕ್ರ, ಕಸ ಒಳಗೆಳೆಯುವ ಒಂದು ಉರುಳೆ ಬ್ರಷ್ಷು, ಪಕ್ಕದಲ್ಲಿ ಮೂಲೆಯ ಕಸ ತಳ್ಳುವ ಮೂರು ಕಾಲಿನ ಪುಟ್ಟ ಬ್ರಷ್ಷು. ಗೋಡೆಗೆ ಆತುಕೊಂಡು ಅದರದೇ ಒಂದು ಗೂಡು. ಕೆಲಸ ಮುಗಿದ ಮೇಲೆ ತಾನೇ ಅಲ್ಲಿಗೆ ಹೋಗಿ ಚಾರ್ಜಿಗೆ ನಿಲ್ಲುತ್ತದೆ. ಬಂದ ದಿನವೇ ಅತ್ತೆ ಅದಕ್ಕೆ ಗುಂಡಣ್ಣ ಎಂದು ಹೆಸರಿಟ್ಟರು. ಇದು ನಮ್ಮ ಮನೆಯ ವಿಶೇಷವೇನಲ್ಲ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲೇ ಇದನ್ನು ಗಮನಿಸಿ ಬರೆದಿದ್ದಾರೆ. ಅಲ್ಲಿಯ ಜನ ಇಂಥ ಯಂತ್ರಕ್ಕೆ ಹೆಸರಿಡುತ್ತಾರೆ, ಗಂಡೋ ಹೆಣ್ಣೋ ಎಂದು ತೀರ್ಮಾನಿಸುತ್ತಾರೆ, ಬಂದ ನೆಂಟರಿಗೆ ಪರಿಚಯ ಮಾಡಿಸುತ್ತಾರೆ. ಮಿಕ್ಸಿಗೆ, ಫ್ರಿಜ್ಜಿಗೆ ಯಾರೂ ಹೆಸರಿಡುವುದಿಲ್ಲ. ತಾನಾಗಿ ಓಡಾಡುವ ವಸ್ತುವನ್ನು ಬರೀ ವಸ್ತು ಎನ್ನಲು ಮನಸ್ಸು ಒಪ್ಪುವುದಿಲ್ಲವೇನೋ.

ಗಾಳಿ ಎಳೆದು ಧೂಳು ತೆಗೆಯುವ ಯಂತ್ರ ಹೊಸದಲ್ಲ. 1901ರಲ್ಲಿ ಲಂಡನ್ನಿನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಜಿನಿಯರ್ ಕುದುರೆ ಗಾಡಿಯ ಮೇಲೆ ಕೂರಿಸಿದ ದೊಡ್ಡ ಪಂಪು ಮಾಡಿಸಿದ. ಗಾಡಿ ಬೀದಿಯಲ್ಲಿ ನಿಲ್ಲುತ್ತಿತ್ತು, ಕಿಟಕಿಯೊಳಗಿಂದ ಉದ್ದನೆಯ ಕೊಳವೆ ಹಾಯಿಸಿ ಶ್ರೀಮಂತರ ಮನೆಯ ರತ್ನಗಂಬಳಿಗಳ ಧೂಳು ಎಳೆಯುತ್ತಿದ್ದರು. ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಮುಂಚೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕಂಬಳಿಗಳನ್ನು ಶುಚಿ ಮಾಡಿದ್ದೂ ಇದೇ ಯಂತ್ರ. ಇಲ್ಲಿ ಗಮನಿಸಬೇಕಾದದ್ದು ಕಂಬಳಿ. ಗೋಡೆಯಿಂದ ಗೋಡೆಗೆ ಕಂಬಳಿ ಹಾಸುವ ಚಳಿದೇಶದ ಮನೆಗೆಂದು ಹುಟ್ಟಿದ ಯಂತ್ರ ಅದು. ನಮ್ಮ ನೆಲಗಳು ಸಗಣಿ ಸಾರಿಸಿದ್ದು, ಗಾರೆಯದು, ರೆಡ್ ಆಕ್ಸೈಡಿನದು, ಕಲ್ಲಿನದು. ಇವಕ್ಕೆ ಪೊರಕೆ ಮತ್ತು ಒದ್ದೆ ಬಟ್ಟೆ ಸಾಕು. ಎಂಬತ್ತು, ತೊಂಬತ್ತರ ದಶಕದಲ್ಲಿ ಟೈ ಕಟ್ಟಿದ ಹುಡುಗರು ಮನೆಮನೆಗೆ ಬಂದು, ಹಾಸಿಗೆಯಿಂದ ಧೂಳು ಎಳೆದು ಬಿಳಿ ಬಟ್ಟೆಯ ಮೇಲೆ ಸುರಿದು ತೋರಿಸಿ ನಮಗೆ ನಾಚಿಕೆ ಹುಟ್ಟಿಸುತ್ತಿದ್ದದ್ದು ಹಲವರಿಗೆ ನೆನಪಿರಬಹುದು. ಆ ನಾಚಿಕೆಯಲ್ಲಿ ಎಷ್ಟೋ ಮನೆಯವರು ಯಂತ್ರ ಕೊಂಡರು. ದೀಪಾವಳಿಗೆ ಒಂದು ಸಲ ಸೋಫಾ ಎಳೆದ ಮೇಲೆ ಅದು ಅಟ್ಟ ಸೇರಿತು. ಯಂತ್ರದ ತಪ್ಪಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ದಿನನಿತ್ಯದ ಕೆಲಸವೇ ಇರಲಿಲ್ಲ.

ತಾನೇ ಓಡಾಡಿ ಗುಡಿಸುವ ಯಂತ್ರದ ಕಥೆ ಬೇರೆ. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿ 1996ರಲ್ಲಿ ಮಾದರಿಯೊಂದನ್ನು ತೋರಿಸಿ, 2001ರಲ್ಲಿ ಟ್ರೈಲೋಬೈಟ್ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಬೆಲೆ ಬಲು ಜಾಸ್ತಿ, ಹೆಚ್ಚು ಜನ ಕೊಳ್ಳಲಿಲ್ಲ. ಮನೆಮನೆಗೆ ತಲುಪಿದ್ದು 2002ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಂದ ರೂಂಬಾ. ಆಗ ಅದರ ಬೆಲೆ ಇನ್ನೂರು ಡಾಲರು. ಎರಡು ವರ್ಷದಲ್ಲಿ 10 ಲಕ್ಷ ರೂಂಬಾ ಮಾರಾಟವಾದವು. ಅದನ್ನು ಮಾಡಿದ ಐರೋಬೋಟ್ ಕಂಪನಿಯನ್ನು 1990ರಲ್ಲಿ ಕಟ್ಟಿದವರು ಎಂಐಟಿ ವಿಶ್ವವಿದ್ಯಾಲಯದ ರಾಡ್ನಿ ಬ್ರೂಕ್ಸ್, ಕಾಲಿನ್ ಆ್ಯಂಗಲ್ ಮತ್ತು ಹೆಲೆನ್ ಗ್ರೈನರ್. ಇವರು ಕಸದ ಚಿಂತೆಯಿಂದ ಕೆಲಸ ಶುರು ಮಾಡಿದವರಲ್ಲ. ಸೈನ್ಯಕ್ಕೆ ಬೇಕಾದ ರೋಬೋಗಳನ್ನು ಮಾಡುತ್ತಿದ್ದರು. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರ ಕುಸಿದಾಗ ಅವಶೇಷಗಳ ನಡುವೆ ಇವರ ಪ್ಯಾಕ್‌ಬಾಟ್ ಎಂಬ ರೋಬೋಗಳು ಇಳಿದಿದ್ದವು. ನೆಲಬಾಂಬು ಹುಡುಕುವ ರೋಬೋಗಾಗಿ ಹಾಕಿದ ಲೆಕ್ಕಾಚಾರವೇ ಕಸ ಹುಡುಕುವ ರೋಬೋಗೂ ದಾರಿ ಮಾಡಿತು. ಯೋಚಿಸಿದರೆ ಎರಡಕ್ಕೂ ಷರತ್ತು ಒಂದೇ: ಒಂದಿಂಚು ನೆಲವನ್ನೂ ಬಿಡಕೂಡದು.

ಬ್ರೂಕ್ಸ್ ಅವರ ವಾದ ಬಹಳ ಸ್ವಾರಸ್ಯದ್ದು. ಲೋಕದ ನಕ್ಷೆಯನ್ನೆಲ್ಲ ತಲೆಯಲ್ಲಿ ತುಂಬಿಕೊಂಡು, ಆಮೇಲೆ ಯೋಚಿಸಿ ಹೆಜ್ಜೆ ಇಡುವ ರೋಬೋ ಬೇಡ. ಹುಳುವಿನ ಹಾಗೆ ಮುಟ್ಟಿ, ತಟ್ಟಿ, ತಿರುಗಿ ಹೋಗುವ ಸರಳ ರೋಬೋ ಸಾಕು ಎಂದು ಅವರು ಎಂಬತ್ತರ ದಶಕದಲ್ಲೇ ಹೇಳುತ್ತಿದ್ದರು. ಮೊದಲ ರೂಂಬಾ ಹಾಗೇ ಇತ್ತು. ಸುರುಳಿ ಸುತ್ತುವುದು, ಗೋಡೆ ಹಿಡಿದು ಹೋಗುವುದು, ಏನಾದರೂ ತಗುಲಿದರೆ ಇನ್ನೊಂದು ಕಡೆಗೆ ತಿರುಗುವುದು, ಅಷ್ಟೇ ಅದರ ವಿದ್ಯೆ. ತಾನೆಲ್ಲಿದ್ದೇನೆಂದು ಅದಕ್ಕೆ ಗೊತ್ತಿರಲಿಲ್ಲ, ಆದರೂ ಅಲೆದು ಅಲೆದು ಕೋಣೆ ಮುಗಿಸುತ್ತಿತ್ತು. ಈಗಿನ ಗುಂಡಣ್ಣಂದಿರು ಬ್ರೂಕ್ಸ್ ವಾದಕ್ಕೆ ತದ್ವಿರುದ್ಧ. 2010ರಲ್ಲಿ ನಿಯಾಟೋ ಎಂಬ ಕಂಪನಿ ಲೇಸರ್ ಅಳತೆಯ ಯಂತ್ರ ತಂದಮೇಲೆ ನಕ್ಷೆ ಹಾಕಿಕೊಳ್ಳುವುದೇ ರೂಢಿಯಾಯಿತು. ನಮ್ಮ ಯಂತ್ರದ ನೆತ್ತಿಯ ಮೇಲೂ ಅಂಥದೇ ಒಂದು ಸಣ್ಣ ಗೋಪುರವಿದೆ. ಅದರೊಳಗೆ ಕಣ್ಣಿಗೆ ಕಾಣದ ಲೇಸರ್ ಬೆಳಕು ಸೆಕೆಂಡಿಗೆ ಐದಾರು ಸುತ್ತು ಸುತ್ತುತ್ತದೆ. ಗೋಡೆಗೋ ಕುರ್ಚಿಯ ಕಾಲಿಗೋ ತಗುಲಿ ಹಿಂದಿರುಗಿದ ಬೆಳಕಿನಿಂದ ದೂರ ಅಳೆದುಕೊಂಡು, ಒಂದೇ ಹೊತ್ತಿಗೆ ಮನೆಯ ನಕ್ಷೆಯನ್ನೂ ಆ ನಕ್ಷೆಯೊಳಗೆ ತನ್ನ ಜಾಗವನ್ನೂ ಗೊತ್ತು ಮಾಡಿಕೊಳ್ಳುತ್ತದೆ.

ಮೊದಲ ಸಲ ನಮ್ಮ ಮನೆಯ ನಕ್ಷೆ ಫೋನಿನಲ್ಲಿ ಮೂಡಿದಾಗ ಯಜಮಾನರು ಹೌಹಾರಿದರು. ಮಲಗುವ ಕೋಣೆಯ ಆಚೆಗೆ, ಪಕ್ಕದವರ ಕಾಂಪೌಂಡು ಇರುವ ಕಡೆ, ನಮ್ಮದಲ್ಲದ ಇನ್ನೊಂದು ಕೋಣೆ ಕಾಣುತ್ತಿತ್ತು. ಅದರಲ್ಲೂ ಒಂದು ಮಂಚ! ಗುಟ್ಟು ಆಮೇಲೆ ತಿಳಿಯಿತು. ಬೀರುವಿನ ಬಾಗಿಲಿಗೆ ನೆಲದವರೆಗೂ ನಿಲುವುಗನ್ನಡಿಯಿದೆ. ಲೇಸರ್ ಕನ್ನಡಿಗೆ ಬಡಿದು ಪ್ರತಿಫಲಿಸಿದ್ದರಿಂದ, ಕನ್ನಡಿಯೊಳಗಿನ ಕೋಣೆಯನ್ನೂ ಗುಂಡಣ್ಣ ನಿಜವೆಂದೇ ಬರೆದುಕೊಂಡಿದ್ದ. ಕನ್ನಡಿಯ ಬುಡಕ್ಕೆ ಗೇಣಗಲ ಕಾಗದ ಅಂಟಿಸಿದ ಮೇಲೆ ಆ ಕೋಣೆ ಮಾಯವಾಯಿತು. "ಸೈಟಿಗೆ ಚದರಡಿಗೆ ಇಷ್ಟು ಬೆಲೆ ಇರೋ ಕಾಲದಲ್ಲಿ ಪುಕ್ಕಟೆ ಸಿಕ್ಕಿದ ಕೋಣೆ ಕಳ್ಕೊಂಡ್ವಿ" ಎಂದು ಅವರು ಈಗಲೂ ಹೇಳುತ್ತಾರೆ.

ಇನ್ನೊಂದು ತಕರಾರು ಜಮಖಾನದ್ದು. ಹಜಾರದಲ್ಲಿ ನವಲಗುಂದದ ಜಮಖಾನ ಹಾಸಿದ್ದೇವೆ, ಅಂಚಿಗೆ ದಟ್ಟ ಕಪ್ಪು ಪಟ್ಟೆ. ಗುಂಡಣ್ಣ ಅಲ್ಲಿಗೆ ಬಂದವನೇ ಗಕ್ಕನೆ ನಿಂತು ಹಿಂದೆ ಸರಿಯುತ್ತಾನೆ. ಮೆಟ್ಟಿಲಿಂದ ಬೀಳದಿರಲೆಂದು ಅವನ ಹೊಟ್ಟೆಯ ಕೆಳಗೆ ಅತಿಗೆಂಪು ಬೆಳಕಿನ ಸಂವೇದಕಗಳಿವೆ. ಕೆಳಕ್ಕೆ ಬಿಟ್ಟ ಬೆಳಕು ನೆಲದಿಂದ ವಾಪಸು ಬಂದರೆ ನೆಲವಿದೆ, ಬಾರದಿದ್ದರೆ ಹಳ್ಳವಿದೆ ಎಂಬುದು ಲೆಕ್ಕ. ಕಪ್ಪು ನೂಲು ಬೆಳಕನ್ನು ನುಂಗಿಬಿಡುತ್ತದೆ. ಹೀಗಾಗಿ ನವಲಗುಂದದ ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು ನೇಯ್ದ ಅಂದದ ಅಂಚು ಗುಂಡಣ್ಣನ ಪಾಲಿಗೆ ಪ್ರಪಾತ. ಹಾಗೆಯೇ, ಅವನ ಲೇಸರ್ ನೆಲದಿಂದ ಮೂರು ನಾಲ್ಕು ಇಂಚು ಮೇಲೆ ಸುತ್ತುವುದರಿಂದ ಅದಕ್ಕಿಂತ ತಗ್ಗಿನದು ದೂರದಿಂದ ಕಾಣುವುದಿಲ್ಲ. ಊಟದ ಮಣೆ, ಚಪ್ಪಲಿ, ಫೋನಿನ ಚಾರ್ಜರ್ ತಂತಿ, ಇವೆಲ್ಲ ತಗುಲಿದ ಮೇಲೆಯೇ ಅರಿವಾಗಬೇಕು.

ಇದರಿಂದ ಆದದ್ದು ಇಷ್ಟು. ಗುಂಡಣ್ಣನಿಗೆ ಗುಡಿಸಲು ಅನುಕೂಲವಾಗಲೆಂದು ನಾವು ಮೊದಲು ಮನೆ ಅಚ್ಚುಕಟ್ಟು ಮಾಡಬೇಕು. ಮಣೆ ಎತ್ತಿಡು, ಚಾಪೆ ಸುತ್ತು, ತಂತಿ ಮೇಲಕ್ಕೆ ಕಟ್ಟು, ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕು, ಒಣಗಿಸಿದ ಸೀರೆಯ ಸೆರಗು ನೆಲಕ್ಕೆ ತಾಗದಂತೆ ನೋಡು. ಸೆರಗಿನ ಕುಚ್ಚು ಅವನ ಬಾಯಿಗೆ ಸಿಕ್ಕರೆ ಬಿಡಿಸುವುದಕ್ಕೆ ಇಬ್ಬರು ಬೇಕು. ದೇವರ ಮನೆಯಲ್ಲಿ ಅತ್ತೆ ಹಾಕಿದ ರಂಗೋಲಿಯನ್ನು ಒಂದು ಬೆಳಗ್ಗೆ ನುಣ್ಣಗೆ ನುಂಗಿ ಹೊರಬಂದಿದ್ದ. ಅಂದಿನಿಂದ ಫೋನಿನ ನಕ್ಷೆಯಲ್ಲಿ ದೇವರ ಮನೆಯ ಸುತ್ತ ಕೆಂಪು ಗೆರೆ ಎಳೆದಿದ್ದೇವೆ. ಆ ಗೆರೆಯನ್ನು ಗುಂಡಣ್ಣ ದಾಟುವುದಿಲ್ಲ. "ಮಡಿ ಅಂದ್ರೆ ನಮ್ಮ ಮೊಮ್ಮಕ್ಕಳಿಗಿಂತ ಇದಕ್ಕೇ ಚೆನ್ನಾಗಿ ಅರ್ಥ ಆಗತ್ತೆ" ಎಂದರು ಅತ್ತೆ.

ಮಗ ಮೊದಲು ಇದನ್ನು ಸಂಜೆ ಏಳಕ್ಕೆ ಗೊತ್ತು ಮಾಡಿ ಹೋಗಿದ್ದ. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. ದೀಪ ಹಚ್ಚಿ ಕೈಮುಗಿದು ತಿರುಗುವಷ್ಟರಲ್ಲಿ ಇವನು ಗುಂಯ್ ಎಂದು ಹೊರಟರೆ ಹೇಗಿರಬೇಡ? "ಲಕ್ಷ್ಮಿ ಬರೋ ಹೊತ್ತಲ್ಲೇ ಇದನ್ನ ಎಬ್ಬಿಸ್ತೀಯಲ್ಲೇ!" ಎಂದು ನನಗೇ ಬೈಗುಳ. ಸೀಮೆಎಣ್ಣೆ ದೀಪದ ಮಂಕು ಬೆಳಕಿನಲ್ಲಿ ಗುಡಿಸಿದರೆ ಕಳೆದುಹೋದ ಓಲೆಯೋ ಮೂಗುಬಟ್ಟೋ ಕಸದ ಜೊತೆ ಹೊರಗೆ ಹೋದೀತೆಂದು ಈ ಕಟ್ಟಳೆ ಬಂದಿರಬಹುದು ಎಂದು ನಾನು ಸಮಜಾಯಿಷಿ ಹೇಳಹೋದೆ. ಅತ್ತೆ ಬಗ್ಗಲಿಲ್ಲ. ಈಗ ಬೆಳಗ್ಗೆ ತಿಂಡಿಯ ಹೊತ್ತಿಗೆ ಹೊರಡುತ್ತಾನೆ. ವಿದ್ಯುತ್ತಿನ ಖರ್ಚು ಕೇಳಬೇಕೇ? ಒಂದು ಸಲ ಪೂರಾ ಚಾರ್ಜಿಗೆ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗದಷ್ಟು. ಆ ಮಟ್ಟಿಗೆ ದೂರಿಲ್ಲ.

ಆದರೆ ನಾನು ಇವತ್ತು ಹೇಳಬೇಕೆಂದು ಬಂದ ಮಾತು ಬೇರೆ. ಕೆಲಸ ಮುಗಿಸಿದ ಕೂಡಲೇ ಈ ಯಂತ್ರ ಫೋನಿಗೆ ವರದಿ ಕಳಿಸುತ್ತದೆ. ಇಷ್ಟು ಚದರ ಮೀಟರ್ ಗುಡಿಸಿದೆ, ಇಷ್ಟು ನಿಮಿಷ ಹಿಡಿಯಿತು, ಇಂಥಲ್ಲಿ ಕಸ ಹೆಚ್ಚಿತ್ತು. ಮೊದಮೊದಲು ಯಜಮಾನರು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಹಿಂದೆ ಕ್ರಿಕೆಟ್ ಸ್ಕೋರು ಓದುತ್ತಿದ್ದ ಉತ್ಸಾಹದಲ್ಲಿ. ಒಂದು ದಿನ ಅತ್ತೆ ಕಾಫಿ ಲೋಟ ಕೆಳಗಿಟ್ಟು ಕೇಳಿದರು: "ಊರಲ್ಲಿ ಆ ತೊಟ್ಟಿಮನೆ ಪೂರ್ತಿ ನಾನೊಬ್ಬಳೇ ಗುಡಿಸ್ತಿದ್ದೆನಲ್ಲ, ಅದೆಷ್ಟು ಮೀಟರ್ ಆಗ್ತಿತ್ತೋ?"

ಯಾರೂ ಉತ್ತರ ಹೇಳಲಿಲ್ಲ. ಹಜಾರ, ನಡುಮನೆ, ತೊಟ್ಟಿಯ ನಾಲ್ಕೂ ಬದಿ, ಕೊಟ್ಟಿಗೆಯ ಪಕ್ಕದ ಪಡಸಾಲೆ, ಮುಂದಿನ ಅಂಗಳ. ಅಂಗಳಕ್ಕೆ ಕಡ್ಡಿ ಪೊರಕೆ, ಒಳಗೆ ಹುಲ್ಲಿನ ಪೊರಕೆ. ಸೊಂಟ ಬಗ್ಗಿಸಿ ದಿನಕ್ಕೆ ಎರಡು ಹೊತ್ತು. ವರದಿ ಯಾರಿಗೂ ಹೋಗುತ್ತಿರಲಿಲ್ಲ.

ಸರ್ಕಾರ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುತ್ತಿದ್ದ ಹೆಂಗಸರು ನೂರಕ್ಕೆ 81, ಗಂಡಸರು ನೂರಕ್ಕೆ 26. ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಹತ್ತಿರ ಹತ್ತಿರ ಐದು ಗಂಟೆ, ದುಡಿಯುತ್ತಿದ್ದರು. ತೊಡಗಿದ ಗಂಡಸರು 97 ನಿಮಿಷ. ಈ ಅಂಕಿಯನ್ನು ನಾನು ಪತ್ರಿಕೆಯಲ್ಲಿ ಓದಿ ಹೇಳಿದಾಗ ಮನೆಯಲ್ಲಿ ಯಾರೂ ತಲೆ ಎತ್ತಿರಲಿಲ್ಲ. ಗುಂಡಣ್ಣ ಪ್ರತಿದಿನ ನಿಮಿಷದ ಲೆಕ್ಕ ಕೊಡತೊಡಗಿದ ಮೇಲೆ, ಇದಕ್ಕೆ ಇಷ್ಟು ಹೊತ್ತು ಹಿಡಿಯುತ್ತದೆಯೇ ಎಂಬ ಬೆರಗು ಹುಟ್ಟಿದೆ. ಕೆಲಸ ಮಾಡುವವರು ಹೇಳಿದರೆ ಗೊಣಗಾಟ, ಯಂತ್ರ ಹೇಳಿದರೆ ಮಾಹಿತಿ.

ಇನ್ನೊಂದು ತಮಾಷೆ. ಮದುವೆಯಾದಾಗಿನಿಂದ ಪೊರಕೆ ಮುಟ್ಟಿದ್ದನ್ನು ನಾನು ಕಾಣದ ಯಜಮಾನರು, ಭಾನುವಾರ ಬೆಳಗ್ಗೆ ನೆಲದ ಮೇಲೆ ಹಳೆಯ ಪತ್ರಿಕೆ ಹರಡಿ ಗುಂಡಣ್ಣನನ್ನು ಬೋರಲು ಮಲಗಿಸುತ್ತಾರೆ. ಉರುಳೆ ಬ್ರಷ್ಷು ತೆಗೆದು ಕತ್ತರಿಯ ಮೊನೆಯಿಂದ ಅದಕ್ಕೆ ಸುತ್ತಿಕೊಂಡ ಕೂದಲು ಕೊಯ್ಯುತ್ತಾರೆ. ನನ್ನ ಕಪ್ಪು ಬಿಳಿ ಬೆರೆತ ಕೂದಲು, ಅತ್ತೆಯ ಅಚ್ಚ ಬಿಳಿ ಕೂದಲು, ಮಲ್ಲಿಗೆ ಮಾಲೆಯ ದಾರ, ಬಾಳೆ ನಾರು. ಬ್ರಷ್ಷಿನ ಎರಡೂ ತುದಿಯಲ್ಲಿ ಕೂದಲು ಗಟ್ಟಿಯಾಗಿ ಉಂಗುರ ಕಟ್ಟಿರುತ್ತದೆ, ಅದನ್ನು ಸೂಜಿಯಿಂದ ಎಬ್ಬಿಸಬೇಕು. ಫಿಲ್ಟರನ್ನು ಹಿತ್ತಲಿಗೆ ಒಯ್ದು ಗೋಡೆಗೆ ತಟ್ಟಿ ಧೂಳು ಉದುರಿಸುತ್ತಾರೆ. ಪೊರಕೆ ಮುಟ್ಟಿದರೆ ಹೋಗುವ ಗಂಡಸುತನ ಸ್ಕ್ರೂಡ್ರೈವರ್ ಮುಟ್ಟಿದರೆ ಹೋಗುವುದಿಲ್ಲ ನೋಡಿ. ನೆಂಟರು ಬಂದರೆ "ನಮ್ಮನೇಲಿ ಕಸ ಗುಡಿಸೋದೆಲ್ಲ ನನ್ನ ಡಿಪಾರ್ಟ್‌ಮೆಂಟು" ಎನ್ನುತ್ತಾರೆ. ನಾನು ಎದುರು ಮಾತಾಡುವುದಿಲ್ಲ. ಮಾಡುತ್ತಿರುವವರನ್ನು ತಡೆಯುವುದು ಜಾಣತನವಲ್ಲ.

ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸು ಮಾತ್ರ ಗುಂಡಣ್ಣನನ್ನು ಬಂದ ದಿನದಿಂದ ಅನುಮಾನದಿಂದಲೇ ನೋಡಿದಳು. ತನ್ನ ಅನ್ನಕ್ಕೆ ಕಲ್ಲು ಬೀಳುತ್ತದೆಂಬ ಭಯ. ಅದು ಸುಳ್ಳು ಭಯವೇನಲ್ಲ. 2020ರ ಲಾಕ್‌ಡೌನಿನಲ್ಲಿ ಕೆಲಸದವರು ಬರುವಂತಿಲ್ಲವಾದಾಗ ಬೆಂಗಳೂರಿನಂಥ ಊರುಗಳಲ್ಲಿ ಈ ಯಂತ್ರಕ್ಕೆ ಒಮ್ಮೆಲೇ ಬೇಡಿಕೆ ಬಂತು. ಕೆಲವು ದಿನ ಅವನ ಹಿಂದೆಯೇ ಓಡಾಡಿ ನೋಡಿ ಅವಳು ತೀರ್ಪು ಕೊಟ್ಟಳು: "ಅಮ್ಮಾವ್ರೆ, ನಡುಮನೆ ಚೆಂದಾಗಿ ಗುಡಿಸ್ತದೆ. ಮೂಲೆ ಯಾರು ನೋಡೋರು? ಮೆಟ್ಲು ಹತ್ತಾಕಿಲ್ಲ, ಜೇಡ ತೆಗಿಯಾಕಿಲ್ಲ." ಇದಕ್ಕಿಂತ ನ್ಯಾಯವಾದ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ. ದುಂಡಗಿನ ಯಂತ್ರಕ್ಕೆ ಚೌಕದ ಮೂಲೆ ಎಟುಕುವುದಿಲ್ಲ. ಹೊಸಿಲು ಮುಕ್ಕಾಲು ಇಂಚಿಗಿಂತ ಎತ್ತರವಿದ್ದರೆ ದಾಟುವುದು ಕಷ್ಟ. ಒರೆಸುವ ಬಟ್ಟೆಯೂ ಇದೆ ಎನ್ನುತ್ತಾರೆ, ಇದೆ ನಿಜ. ಆದರೆ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದ ಎಣ್ಣೆಯ ಜಿಡ್ಡಿಗೆ ಆ ಒದ್ದೆ ಬಟ್ಟೆ ಸಾಲದು. ಅದಕ್ಕೆ ಕೈಯ ಭಾರ ಬೇಕು. ಯಂತ್ರದ ನಿಜವಾದ ಉಪಕಾರ ಮಂಚದ ಕೆಳಗೆ. ನನ್ನ ಸೊಂಟಕ್ಕಾಗಲಿ ಅವಳ ಮೊಣಕಾಲಿಗಾಗಲಿ ಆಗದ ಕಡೆ ಅದು ನುಗ್ಗಿ ಧೂಳು ತರುತ್ತದೆ. ಗುಡಿಸುವುದರಲ್ಲಿ ಉಳಿದ ಹೊತ್ತಿನಲ್ಲಿ ಅವಳು ಕಿಟಕಿ, ಫ್ಯಾನು, ಜೇಡರಬಲೆ ನೋಡಿಕೊಳ್ಳುತ್ತಾಳೆ. ಸಂಬಳ ಇಳಿಸಿಲ್ಲ, ಯುಗಾದಿಗೆ ಏರಿಸಿದ್ದೇವೆ.

ಅಪಾಯದ ಒಂದು ಮಾತೂ ಹೇಳಬೇಕು. ಈ ನಕ್ಷೆಗಳು ನಮ್ಮ ಫೋನಿನಲ್ಲಷ್ಟೇ ಇರುವುದಿಲ್ಲ, ಹೆಚ್ಚಿನ ಯಂತ್ರಗಳಲ್ಲಿ ಕಂಪನಿಯ ದೂರದ ಸರ್ವರಿಗೂ ಹೋಗುತ್ತವೆ. ಕೆಲವು ಯಂತ್ರಗಳಿಗೆ ಕ್ಯಾಮೆರಾ ಬೇರೆ ಇರುತ್ತದೆ. ಪರೀಕ್ಷೆಗೆಂದು ಒಪ್ಪಿಗೆ ಪಡೆದು ಮನೆಗಳಲ್ಲಿ ಬಿಟ್ಟಿದ್ದ ರೂಂಬಾಗಳು 2020ರಲ್ಲಿ ತೆಗೆದ ಚಿತ್ರಗಳು, ಅವನ್ನು ವಿಂಗಡಿಸುವ ಕೂಲಿಯವರ ಮೂಲಕ ವೆನೆಜುವೆಲಾದಿಂದ ಸಾಮಾಜಿಕ ಜಾಲತಾಣಕ್ಕೆ ಸೋರಿದ್ದನ್ನು ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ 2022ರ ಡಿಸೆಂಬರಿನಲ್ಲಿ ಬಯಲಿಗೆಳೆಯಿತು. ಅವುಗಳಲ್ಲಿ ಶೌಚಾಲಯದಲ್ಲಿ ಕುಳಿತ ಹೆಂಗಸೊಬ್ಬಳ ಚಿತ್ರವೂ ಇತ್ತು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವರು ಇಷ್ಟಕ್ಕೆ ಒಪ್ಪಿರಲಾರರು. ನನ್ನ ಮಟ್ಟಿಗೆ ಹೇಳುವುದಾದರೆ, ಕಸ ಗುಡಿಸುವವನಿಗೆ ಕ್ಯಾಮೆರಾ ಅಗತ್ಯವಿಲ್ಲ. ನಮ್ಮದು ಲೇಸರಿನದು, ಕ್ಯಾಮೆರಾ ಇಲ್ಲ. ಅಂತರ್ಜಾಲದ ಸಂಪರ್ಕ ಕಿತ್ತರೂ ನೆತ್ತಿಯ ಗುಂಡಿ ಒತ್ತಿದರೆ ಗುಡಿಸುತ್ತದೆ.

ಮತ್ತೆ ಕೆಲಸದವರ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತು ಮಾಡಿ ಕರ್ನಾಟಕ ಸರ್ಕಾರ ಅಧಿಸೂಚನೆ ಹೊರಡಿಸಿದ್ದು 2004ರಲ್ಲಿ. ಮನೆಗೆಲಸವೂ ಕೆಲಸವೇ, ಅದಕ್ಕೂ ರಜೆ, ಗಂಟೆಯ ಲೆಕ್ಕ ಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಡಂಬಡಿಕೆ ಮಾಡಿದ್ದು 2011ರಲ್ಲಿ. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಇಪ್ಪತ್ತು, ಮೂವತ್ತು ಸಾವಿರ ಕೊಟ್ಟು ಯಂತ್ರ ತರುವ ಮನೆಯಲ್ಲಿ ಕೆಲಸದವರ ಸಂಬಳದಿಂದ ಐನೂರು ಕತ್ತರಿಸುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಕೊಳ್ಳುವ ಆಲೋಚನೆ ಇರುವವರು ಮೊದಲು ಟೇಪು ಹಿಡಿದು ಮಂಚದ, ದಿವಾನದ ಕೆಳಗಿನ ಎತ್ತರ ಅಳೆಯಿರಿ. ನಾಲ್ಕೂವರೆ ಇಂಚಾದರೂ ಇರಲಿ. ಹೊಸಿಲುಗಳನ್ನೂ ಅಳೆಯಿರಿ. ಬ್ರಷ್ಷು, ಫಿಲ್ಟರು, ಬ್ಯಾಟರಿ ನಿಮ್ಮೂರಿನಲ್ಲಿ ಸಿಗುತ್ತವೆಯೇ, ಕೆಟ್ಟರೆ ನೋಡುವವರಿದ್ದಾರೆಯೇ ವಿಚಾರಿಸಿ. ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಮತ್ತೆ, ಬ್ರಷ್ಷಿನ ಕೂದಲು ಬಿಡಿಸುವವರು ಯಾರೆಂಬುದನ್ನು ದುಡ್ಡು ಕೊಡುವ ಮೊದಲೇ ಮನೆಯಲ್ಲಿ ಕೂತು ಇತ್ಯರ್ಥ ಮಾಡಿಕೊಳ್ಳಿ.